‘ಹೋಗ್ಲಿ ಬಿಡಿ’ ಅನ್ನೋದನ್ನ ಮೊದಲು ಬಿಡೋಣ



ವಿಮಾನದ ಟಿಕೆಟ್ ಬಗ್ಗೆ ಬರೀತಿದ್ದೀನಿ. ಎಷ್ಟೋ ಊರಲ್ಲಿ ನಮ್ಮೋರ ಹೆಣ ಹೂಳೋಕೆ ಜಾಗ ಇಲ್ಲ, ಇವನಿಗೆ ವಿಮಾನದ ರೀಫಂಡ್ ಚಿಂತೆ ಅಂತ ನಗೋರು ನಗಲಿ. ಸ್ಮಶಾನದ ಜಾಗಕ್ಕೆ ಅರ್ಜಿ ಬರೆಯೋ ಕೈಯೇ ಇದಕ್ಕೂ ಬರೀಬೇಕು.

ನಮ್ಮ ಹುಡುಗ್ರು ಈಗ ಇಂಟರ್‌ವ್ಯೂಗೆ, ಕೌನ್ಸೆಲಿಂಗ್‌ಗೆ, ಗಲ್ಫ್ ಕೆಲಸಕ್ಕೆ ವಿಮಾನ ಹತ್ತುತಿದ್ದಾರೆ. ಕೆಲವರು ಸಾಲ ಮಾಡಿ, ಕೆಲವರು ಚೀಟಿ ಎತ್ತಿ. ನೇರ ವಿಮಾನ ದುಬಾರಿ ಅಂತ ಎರಡು ಕಡೆ ಇಳಿದು ಹತ್ತೋ ಟಿಕೆಟ್ ತಗೋತಾರೆ. ಕಂಪನಿ ಅದರಲ್ಲಿ ಒಂದನ್ನ ರದ್ದು ಮಾಡಿ ಒಂದು ಮೆಸೇಜ್ ಕಳಿಸುತ್ತೆ. ದುಡ್ಡಿದ್ದೋನಿಗೆ ಅದು ಕಿರಿಕಿರಿ. ನಮ್ಮ ಹುಡುಗನಿಗೆ ಆ ಕೆಲಸವೇ ಹೋಯ್ತು.

ನಮಗೇ ಆಗಿದ್ದು ಹೇಳ್ತೀನಿ. ಧಮ್ಮಚಕ್ರ ಪ್ರವರ್ತನ ದಿನಕ್ಕೆ ನಾಗಪುರದ ದೀಕ್ಷಾಭೂಮಿಗೆ ಐದು ಜನ ಹೊರಟಿದ್ವಿ. ರಜೆ ಕಡಿಮೆ, ಹಾಗಾಗಿ ಹೋಗುವಾಗ ವಿಮಾನ, ಬರುವಾಗ ರೈಲು. ಬೆಂಗಳೂರಿಂದ ಹೈದರಾಬಾದ್, ಅಲ್ಲಿಂದ ನಾಗಪುರ, ಎಲ್ಲಾ ಒಂದೇ ಪಿಎನ್‌ಆರ್. ಮೂರು ದಿನ ಇರುವಾಗ ಹೈದರಾಬಾದ್–ನಾಗಪುರ ರದ್ದು. ಮಾರನೇ ದಿನದ ವಿಮಾನ ಕೊಡ್ತೀವಿ, ಒಪ್ಪಿಗೆ ಒತ್ತಿ ಅಂದ್ರು. ಮಾರನೇ ದಿನ ಹೋಗಿ ಏನ್ ನೋಡೋದು, ಕಸ ಗುಡಿಸೋದನ್ನಾ? ಪೂರ್ತಿ ದುಡ್ಡು ವಾಪಸ್ ಕೊಡಿ ಅಂದ್ವಿ. ಕಾಲ್ ಸೆಂಟರಿನವರ ಉತ್ತರ: ‘ಹೈದರಾಬಾದ್‌ವರೆಗೂ ಫ್ಲೈಟ್ ಇದೆಯಲ್ಲ ಸಾರ್, ಅದರ ದುಡ್ಡು ಬರಲ್ಲ.’

ಹೈದರಾಬಾದಲ್ಲಿ ನಮಗೇನ್ ಕೆಲಸ? ಅರ್ಧ ಸೇತುವೆ ಕಟ್ಟಿ, ಅರ್ಧ ಆಗಿದೆಯಲ್ಲ ಅಂತ ಬಿಲ್ ಎತ್ತೋ ಕಂಟ್ರಾಕ್ಟರ್ ಲೆಕ್ಕ ಇದು. ಇಂಥ ಬಿಲ್ಲುಗಳನ್ನ ಇಪ್ಪತ್ತು ವರ್ಷದಿಂದ ನನ್ನ ಟೇಬಲ್ ಮೇಲೆ ನೋಡಿದ್ದೀನಿ.

ನಮ್ಮ ಜೊತೆ ನಿವೃತ್ತ ಪೌರಕಾರ್ಮಿಕ ಅಕ್ಕ ಒಬ್ರು ಇದ್ರು. ಮೊದಲ ವಿಮಾನ ಅಂತ ಹೊಸ ಸೀರೆ ತಗೊಂಡಿದ್ರು. ಸುದ್ದಿ ಕೇಳಿ ಅಂದಿದ್ದು ಒಂದೇ ಮಾತು: ‘ಹೋಗ್ಲಿ ಬಿಡಪ್ಪ, ನಮ್ಮಂಥೋರಿಗೆ ಯಾಕೆ ಅದೆಲ್ಲ.’

ನನಗೆ ಸಿಟ್ಟು ಬಂದಿದ್ದು ಈ ಮಾತು ಕೇಳಿ. ಅಕ್ಕನ ಮೇಲಲ್ಲ. ಅವರ ಬಾಯಿಗೆ ಈ ಮಾತು ರೂಢಿ ಮಾಡಿಸಿದ ವ್ಯವಸ್ಥೆ ಮೇಲೆ. ಕಂಪನಿ ತಪ್ಪು ಮಾಡಿದ್ರೂ ನಮ್ಮೋರು ನಮಗೇ ಯೋಗ್ಯತೆ ಇಲ್ಲ ಅನ್ಕೋತಾರೆ.

ಐದೂ ಜನ ಜನರಲ್ ಬೋಗಿಯಲ್ಲಿ ಒಂದು ಹಗಲು ಒಂದು ರಾತ್ರಿ ಕೂತು ನಾಗಪುರ ಮುಟ್ಟಿದ್ವಿ. ಅದಕ್ಕೂ ಮುಂಚೆ ಕಂಪನಿಗೆ ಇಮೇಲ್ ಹಾಕಿದ್ವಿ: ಪ್ರಯಾಣ ನಾಗಪುರಕ್ಕೆ, ಅದನ್ನ ಮುರಿದೋರು ನೀವು, ಪೂರ್ತಿ ಹಣ ಕೊಡಿ. ಉತ್ತರ ಬರಲಿಲ್ಲ. ಏರ್‌ಸೇವಾದಲ್ಲಿ ದೂರು ಹಾಕಿದ ಮೇಲೆ ಹಣ ಪೂರ್ತಿ ಬಂತು. ಹೊಸದಾಗಿ ಏನೂ ಕೊಡಲಿಲ್ಲ, ನಮ್ಮದನ್ನೇ ನಮಗೆ ಕೊಟ್ರು.

ನಿಯಮ ಏನು ಹೇಳುತ್ತೆ ತಿಳ್ಕೊಳ್ಳಿ. ಡಿಜಿಸಿಎ ಪ್ರಕಾರ ವಿಮಾನ ರದ್ದಾದ್ರೆ ಬೇರೆ ವಿಮಾನ ಅಥವಾ ಹಣ ವಾಪಸ್, ಯಾವುದು ಬೇಕು ಅನ್ನೋದು ಪ್ರಯಾಣಿಕನ ಆಯ್ಕೆ. 24 ಗಂಟೆಗೂ ಮುಂಚೆ ತಿಳಿಸದೇ ರದ್ದು ಮಾಡಿದ್ರೆ, ಇಲ್ಲಾ ಅದರಿಂದ ಒಂದೇ ಟಿಕೆಟ್ಟಿನ ಮುಂದಿನ ವಿಮಾನ ತಪ್ಪಿದ್ರೆ, ಹಣ ವಾಪಸ್ ಜೊತೆಗೆ ಪರಿಹಾರವೂ ಇದೆ: ಹಾರಾಟದ ಅವಧಿ ನೋಡಿ 5,000, 7,500 ಅಥವಾ 10,000 ರೂಪಾಯಿ, ಮೂಲ ದರ, ಇಂಧನ ಶುಲ್ಕ ಸೇರಿ ಅದಕ್ಕಿಂತ ಕಡಿಮೆ ಇದ್ರೆ ಅಷ್ಟು. ಬಿರುಗಾಳಿ, ಗಲಭೆಯಂಥ ಕಾರಣಕ್ಕೆ ಈ ಪರಿಹಾರ ಇಲ್ಲ. ನಮಗೆ ಮೂರು ದಿನ ಮುಂಚೆ ತಿಳಿಸಿದ್ರು, ಅದಕ್ಕೇ ಪರಿಹಾರ ಕೇಳಲಿಲ್ಲ. ಇಲ್ಲದ್ದನ್ನ ಕೇಳೋದು ಬೇಡ, ಇರೋದನ್ನ ಬಿಡೋದೂ ಬೇಡ.

ಹಣದ ಬದಲು ‘ಮುಂದಿನ ಸಲ ಬಳಸಿ’ ಅಂತ ಕ್ರೆಡಿಟ್ ಕೊಟ್ರೆ ಒಪ್ಪಲೇಬೇಕು ಅಂತಿಲ್ಲ. ಏಜೆಂಟ್ ಹತ್ರ ಟಿಕೆಟ್ ತಗೊಂಡ್ರೂ ಹಣ ವಾಪಸ್ ಮಾಡೋ ಹೊಣೆ ವಿಮಾನ ಕಂಪನಿಯದ್ದೇ. ಯೋಚಿಸದೆ ಒಪ್ಪಿಗೆ ಬಟನ್ ಒತ್ತಬೇಡಿ, ಸ್ಕ್ರೀನ್‌ಶಾಟ್ ಇಟ್ಕೊಳ್ಳಿ. ಟಿಕೆಟ್ ಮಾಡಿಸುವಾಗ ನಿಮ್ಮದೇ ಮೊಬೈಲ್ ನಂಬರ್ ಹಾಕ್ಸಿ. ಏಜೆಂಟ್ ತನ್ನ ನಂಬರ್ ಹಾಕಿದ್ರೆ ಮೆಸೇಜ್ ಅವನಿಗೆ ಹೋಗುತ್ತೆ, ಪರಿಹಾರದ ಹಕ್ಕೂ ತಪ್ಪಬಹುದು.

ಕಂಪನಿ ಕೇಳದಿದ್ರೆ ಏರ್‌ಸೇವಾ, ಗ್ರಾಹಕ ಸಹಾಯವಾಣಿ 1915. ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಪ್ರಕಾರ ನೀವು ವಾಸ ಇರೋ ಜಿಲ್ಲೆಯಲ್ಲೇ ಕೇಸ್ ಹಾಕಬಹುದು, ಎರಡು ವರ್ಷದೊಳಗೆ. ನೀವು ಕೊಟ್ಟ ಹಣ 5 ಲಕ್ಷದೊಳಗಿದ್ರೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯವಲ್ಲ.

1901ರಲ್ಲಿ ಪುಟ್ಟ ಭೀಮರಾಯರು ಅಣ್ಣನ ಜೊತೆ ಅಪ್ಪನನ್ನ ನೋಡೋಕೆ ಹೊರಟು ಮಸೂರು ರೈಲು ನಿಲ್ದಾಣದಲ್ಲಿ ಇಳಿದಾಗ, ಬರ್ತೀವಿ ಅಂತ ಬರೆದ ಕಾಗದ ಅಪ್ಪನಿಗೆ ತಲುಪಿರಲಿಲ್ಲ. ಜಾತಿ ಗೊತ್ತಾದ ಮೇಲೆ ಗಾಡಿಯವರು ಯಾರೂ ಬರಲಿಲ್ಲ. ದುಪ್ಪಟ್ಟು ಬಾಡಿಗೆ ಕೊಟ್ಟು, ಗಾಡಿ ತಾವೇ ಹೊಡ್ಕೊಂಡು ಹೋಗಬೇಕಾಯ್ತು. ವಿಮಾನ ರದ್ದಾಗೋದನ್ನ ಆ ಅಸ್ಪೃಶ್ಯತೆಗೆ ಸಮ ಅಂತ ನಾನು ಹೇಳಲ್ಲ, ಹೇಳಿದ್ರೆ ಅದು ಬಾಬಾಸಾಹೇಬರಿಗೆ ಮಾಡೋ ಅವಮಾನ. ಅವತ್ತು ಆ ಮಕ್ಕಳು ದೂರು ಕೊಡೋಕೆ ಒಂದು ಕಾನೂನೂ ಇರಲಿಲ್ಲ. ಇವತ್ತು ಇದೆ. ಆದ್ರೆ ಕಾನೂನು ಇದ್ದೂ ಬಳಸದಿದ್ರೆ ಅದು ಇರೋದು ಯಾರಿಗೆ?

ಕಂಪನಿಗಳ ಲೆಕ್ಕ ಸರಳ: ನೂರು ಜನರಲ್ಲಿ ತೊಂಬತ್ತು ಜನ ಸುಮ್ನಿರ್ತಾರೆ ಅನ್ನೋ ಧೈರ್ಯ. ರೇಷನ್ ಅಂಗಡಿಯೋನ ಲೆಕ್ಕ, ಹಾಸ್ಟೆಲ್ ವಾರ್ಡನ್ ಲೆಕ್ಕವೂ ಅದೇ. ಸುಮ್ನಿರೋದು ನಮ್ಮ ಗುಣ ಅಲ್ಲ, ನಮಗೆ ಕಲಿಸಿದ ಪಾಠ. ಅದನ್ನ ಮರೆಯೋಕೆ ಸಣ್ಣ ಜಗಳಗಳಲ್ಲಿ ಅಭ್ಯಾಸ ಬೇಕು.

ಅದಕ್ಕೇ ನನ್ನ ಕೋರಿಕೆ: ಪ್ರತಿ ಊರಿನ ಸಂಘದಲ್ಲಿ ಅರ್ಜಿ ಬರೆಯೋಕೆ ಒಬ್ಬರು ಕೂತ್ಕೊಳ್ಳಿ, ವಾರಕ್ಕೆ ಎರಡು ಗಂಟೆ ಸಾಕು. ಭಾಷಣ ಮಾಡೋರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಬರೆದುಕೊಡೋರು ಕಮ್ಮಿ. ನಾವು ಬರೆದ ದೂರಿನ ಕನ್ನಡ ಮಾದರಿ ನನ್ನ ಹತ್ರ ಇದೆ. ಬೇಕಾದೋರು ಇನ್‌ಬಾಕ್ಸ್‌ಗೆ ಬನ್ನಿ, ಕಳಿಸ್ತೀನಿ.