ಬೊಮ್ಮನ ಹೆಸರು ಉಳಿದ ಬಗೆ

12ನೆಯ ಶತಮಾನದ ಕರಾವಳಿಯಲ್ಲಿ ದುಡಿದ ಒಬ್ಬ ಸೇವಕನ ಹೆಸರು ಇಂದು ತಿಳಿದಿರುವುದು ಶಾಸನದಿಂದಲ್ಲ, ಕಾವ್ಯದಿಂದಲೂ ಅಲ್ಲ. ಯೆಹೂದಿ ವರ್ತಕರು ಪರಸ್ಪರ ಬರೆದುಕೊಂಡ ಪತ್ರಗಳಿಂದ. ಟ್ಯುನೀಶಿಯಾ ಮೂಲದ ಅಬ್ರಹಾಂ ಬೆನ್ ಯಿಜು 1132ರ ಸುಮಾರಿನಿಂದ 1149ರವರೆಗೆ ಈ ಕರಾವಳಿಯಲ್ಲಿ, ವಿಶೇಷವಾಗಿ ಮಂಗಳೂರಿನಲ್ಲಿ, ನೆಲೆಸಿದ್ದನು. ಅವನ ಪರವಾಗಿ ಏಡನ್ನಿಗೆ ಹೋಗಿ ವ್ಯವಹಾರ ನಡೆಸಿದ ಸೇವಕನಿಗೆ ಅಲ್ಲಿಯ ವರ್ತಕನೊಬ್ಬ 1148ರ ಪತ್ರದಲ್ಲಿ ವಂದನೆ ತಿಳಿಸಿದ್ದಾನೆ. ಹೀಬ್ರೂ ಲಿಪಿಯ ಆ ಅರಬ್ಬೀ ಬರವಣಿಗೆಯಲ್ಲಿ ಹೆಸರಿನ ಮೂರು ಅಕ್ಷರಗಳಷ್ಟೇ ಇವೆ: ಬ, ಮ, ಹ. ಅದನ್ನು 'ಬೊಮ್ಮ' ಎಂದು ಓದಲು ಅಮಿತಾವ್ ಘೋಷ್ ಅವರಿಗೆ ತುಳುನಾಡಿನ ಬೆರ್ಮೆರ್ ಆರಾಧನೆಯನ್ನು ಬಲ್ಲ ಪ್ರೊ. ಬಿ.ಎ. ವಿವೇಕ ರೈ ಅವರ ನೆರವು ಬೇಕಾಯಿತು.

ಬರಹವುಳ್ಳ ಕಾಗದದಲ್ಲಿ ದೇವರ ಹೆಸರಿರಬಹುದೆಂಬ ಭಾವನೆಯಿಂದ ಅದನ್ನು ನಾಶಮಾಡದೆ ಗೆನಿಜಾ ಎಂಬ ಕೋಣೆಯಲ್ಲಿ ಇರಿಸುವುದು ಯೆಹೂದಿಗಳ ಸಂಪ್ರದಾಯ. ಕೈರೋದ ಬೆನ್ ಎಜ್ರಾ ಪ್ರಾರ್ಥನಾಮಂದಿರದ ಇಂಥ ರಾಶಿಯಿಂದ 1896-97ರಲ್ಲಿ ಸಾಲೊಮನ್ ಶೆಕ್ಟರ್ ಕೇಂಬ್ರಿಜ್‌ಗೆ ಒಯ್ದ ಸುಮಾರು 1,93,000 ತುಣುಕುಗಳು ಅಲ್ಲಿಯ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಧರ್ಮಗ್ರಂಥಗಳ ಜೊತೆಗೆ ಲೆಕ್ಕ, ಸಾಲಪತ್ರ, ಸರಕಿನ ಪಟ್ಟಿಗಳೂ ಉಳಿದದ್ದರಿಂದಲೇ ಎಸ್.ಡಿ. ಗೊಯಿಟೈನ್ ಅವರಂಥ ವಿದ್ವಾಂಸರಿಗೆ ಹಿಂದೂ ಮಹಾಸಾಗರದ ವ್ಯಾಪಾರದ ಚರಿತ್ರೆಯನ್ನು ಬರೆಯುವುದು ಸಾಧ್ಯವಾಯಿತು.

ಇದೇ ಶತಮಾನದಲ್ಲಿ ಕಿತ್ತೂರು ಬಳಿಯ ದೇಗಾವೆಯಲ್ಲಿ ಗೋವೆಯ ಕದಂಬ ರಾಣಿ ಕಮಲಾದೇವಿ ಕಮಲನಾರಾಯಣ ದೇವಾಲಯವನ್ನು ಕಟ್ಟಿಸಿದಳು. ರಾಣಿಯ ಹೆಸರನ್ನು ಶಾಸನ ಉಳಿಸಿತು. ಬೊಮ್ಮನಂಥವರ ಹೆಸರನ್ನು ಉಳಿಸುವುದು ರದ್ದಿಯೆನಿಸಿಕೊಳ್ಳುವ ಕಾಗದ ಮಾತ್ರ. ಕನ್ನಡ ಹಸ್ತಪ್ರತಿ ಸಂಗ್ರಹಕಾರ್ಯ ಕಾವ್ಯ, ಶಾಸ್ತ್ರ, ಪುರಾಣಗಳಿಗೆ ಸಲ್ಲಿಸಿದ ಗೌರವವನ್ನು ಕಡತ, ಕೈಬರಹದ ಲೆಕ್ಕ, ಖಾಸಗಿ ಪತ್ರಗಳಿಗೆ ಅಷ್ಟಾಗಿ ಸಲ್ಲಿಸಿಲ್ಲ.

ಗಡಿಭಾಗದಲ್ಲಿ ಈ ಕೊರತೆಗೆ ಇನ್ನೊಂದು ಮುಖವಿದೆ. ಬೆಳಗಾವಿಯಿಂದ ಖಾನಾಪುರದತ್ತ ಸಾಗುವ ದಾರಿಯ ಪೀರನವಾಡಿಯಂಥ ಊರುಗಳಲ್ಲಿ ಕನ್ನಡ, ಮರಾಠಿ, ಉರ್ದು ಒಟ್ಟಿಗೆ ಬದುಕಿವೆ. ಮುಂಬಯಿ ಪ್ರಾಂತದ ಕಾಲದಲ್ಲಿ ಇಲ್ಲಿಯ ಲೆಕ್ಕಪತ್ರಗಳಿಗೆ ಮೋಡಿ ಲಿಪಿ ವ್ಯಾಪಕವಾಗಿ ಬಳಕೆಯಾಗಿತ್ತು. ಅದನ್ನು ಓದಬಲ್ಲವರು ವಿರಳರಾದಂತೆ, ಮನೆಯ ಅಟ್ಟ ಖಾಲಿಯಾದಾಗ ಇಂಥ ಕಾಗದಗಳು ಮೊದಲು ಬೀದಿಗೆ ಬೀಳುತ್ತವೆ. ಇವು ಕನ್ನಡದವಲ್ಲ ಎಂದು ಕನ್ನಡ ವಿಭಾಗಗಳು ಕೈಬಿಡುವುದು ಸಲ್ಲದು. ಲಿಪಿಯೇ ಅಳತೆಗೋಲಾಗಿದ್ದರೆ ಹೀಬ್ರೂ ಅಕ್ಷರಗಳಲ್ಲಿ ಅಡಗಿದ್ದ ಬೊಮ್ಮನೂ ನಮ್ಮವನಾಗುತ್ತಿರಲಿಲ್ಲ.

ಆದುದರಿಂದ ಈ ಭಾಗದ ವಿಶ್ವವಿದ್ಯಾಲಯಗಳು ಮನೆತನದ ಕಾಗದಪತ್ರಗಳಿಗೆ ಪ್ರತ್ಯೇಕ ಸಂಗ್ರಹವನ್ನು ತೆರೆದು, ಸಂಶೋಧನಾರ್ಥಿಗಳಿಗೆ ಮೋಡಿ ಲಿಪಿಯನ್ನು ಕಲಿಸುವುದು ಅಗತ್ಯ. ಮೂಲಪ್ರತಿಯನ್ನು ಕೊಡಲೊಪ್ಪದ ಮನೆಗಳಲ್ಲಿ ಛಾಯಾಪ್ರತಿ ಪಡೆದರೂ ಸಾಕು. ಯಾವ ಕಾಗದ ಮುಖ್ಯವೆಂಬುದನ್ನು ಮುಂದಿನ ವಿದ್ವಾಂಸರು ನಿರ್ಣಯಿಸುತ್ತಾರೆ; ಉಳಿಸಿಕೊಡುವುದು ಇಂದಿನವರ ಹೊಣೆ.