ಹಿಂದಿನ ಸೀಟಿಗೂ ಒಂದು ಮತವಿರಲಿ

ಇಬ್ಬರೂ ಸೇರಿ ಊರೂರು ಸುತ್ತಬೇಕು ಎಂಬ ಆಸೆಯಿಂದಲೇ ಬಹಳಷ್ಟು ಮಂದಿ ಟೂರಿಂಗ್ ಬೈಕ್ ಕೊಳ್ಳಲು ಹೊರಡುತ್ತಾರೆ. ಶೋರೂಮಿನೊಳಗೆ ಕಾಲಿಟ್ಟ ಮೇಲೆ ಮಾತ್ರ ಮಾತೆಲ್ಲ ಎಷ್ಟು ಸಿಸಿ, ಎಷ್ಟು ಬಿಎಚ್‌ಪಿ, ಮೈಲೇಜ್ ಎಷ್ಟು ಎಂಬುದರ ಸುತ್ತಲೇ ತಿರುಗುತ್ತದೆ. ಟೆಸ್ಟ್ ರೈಡ್‌ಗೆ ಓಡಿಸುವವರೊಬ್ಬರೇ ಹೋಗಿ ಬರುತ್ತಾರೆ. ಮುಂದೆ ವರ್ಷಗಟ್ಟಲೆ ಆ ಬೈಕಿನ ಹಿಂದೆ ಕೂರಬೇಕಾದವರು ಅಷ್ಟು ಹೊತ್ತೂ ಶೋರೂಮಿನ ಕುರ್ಚಿಯಲ್ಲಿ ಕಾಯುತ್ತಿರುತ್ತಾರೆ. ಅವರನ್ನು ಯಾರಾದರೂ ಏನಾದರೂ ಕೇಳಿದರೆ ಅದು ಬಣ್ಣದ ಬಗ್ಗೆ.

ಈ ಪದ್ಧತಿ ಬದಲಾಗಬೇಕು. ಇಬ್ಬರ ಪ್ರಯಾಣಕ್ಕೆಂದು ಕೊಳ್ಳುವ ಬೈಕಿನ ವಿಷಯದಲ್ಲಿ ಮೊದಲ ಮಾತೂ ಕೊನೆಯ ಮಾತೂ ಹಿಂಬದಿ ಸವಾರರದ್ದಾಗಿರಬೇಕು. ಇದು ಬರೀ ಸೌಜನ್ಯದ ಪ್ರಶ್ನೆಯಲ್ಲ. ಬೈಕು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನೋಡಿದರೆ ಬೇರೆ ತೀರ್ಮಾನಕ್ಕೆ ಬರಲು ಸಾಧ್ಯವೇ ಇಲ್ಲ.

ಓಡಿಸುವವರು ಕೂರುವುದು ಎರಡು ಚಕ್ರಗಳ ನಡುವೆ. ಮುಂದಿನ ಚಕ್ರ ಗುಂಡಿಗೆ ಬಿದ್ದರೂ ಹಿಂದಿನ ಚಕ್ರ ಬಿದ್ದರೂ ಅವರಿಗೆ ತಟ್ಟುವುದು ಆ ಹೊಡೆತದ ಒಂದು ಪಾಲು ಮಾತ್ರ. ಹಿಂಬದಿ ಸವಾರರ ಸೊಂಟ ಇರುವುದು ಹೆಚ್ಚುಕಡಿಮೆ ಹಿಂದಿನ ಆಕ್ಸಲ್‌ನ ನೇರಕ್ಕೆ. ಹಿಂದಿನ ಚಕ್ರದ ಹೊಡೆತದ ಹೆಚ್ಚಿನ ಪಾಲು ಅವರ ಬೆನ್ನಿಗೆ ಬರುತ್ತದೆ. ಸರ್ಕಾರಿ ಬಸ್ಸಿನ ಕೊನೆಯ ಸೀಟಿನಲ್ಲಿ ಘಟ್ಟ ಇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದರ ಮೇಲೆ, ಅವರಿಗೆ ಮುಂದಿನ ರಸ್ತೆ ಕಾಣುವುದಿಲ್ಲ. ಹಂಪ್ ಬಂತೆಂದು ಗೊತ್ತಾದರೆ ಓಡಿಸುವವರು ಫುಟ್‌ರೆಸ್ಟ್ ಮೇಲೆ ಭಾರ ಹಾಕಿ ಒಂದಿಷ್ಟು ಮೇಲೇಳುತ್ತಾರೆ, ಕೈಯಲ್ಲಿ ಹ್ಯಾಂಡಲ್ ಇರುತ್ತದೆ. ಹಿಂದಿನವರಿಗೆ ಹಂಪ್ ಗೊತ್ತಾಗುವುದು ಬೆನ್ನಿಗೆ ಬಡಿದ ಮೇಲೆ. ಹಿಂದಿನ ಸೀಟು ಮುಂದಿನದಕ್ಕಿಂತ ಎತ್ತರವಾಗಿರುವುದರಿಂದ ವಿಂಡ್‌ಸ್ಕ್ರೀನ್ ದಾಟಿ ಬರುವ ಗಾಳಿಯೂ ಅವರ ತಲೆಗೇ ಬೀಸುತ್ತದೆ. ಒಂದೇ ಬೈಕಿನಲ್ಲಿ ಕೂತ ಇಬ್ಬರೂ ಎರಡು ಬೇರೆ ಬೇರೆ ಪ್ರಯಾಣ ಮಾಡುತ್ತಿರುತ್ತಾರೆ. ಮುಂದೆ ಕೂತವರು ಎಷ್ಟೇ ಅನುಭವಿಯಾಗಿದ್ದರೂ ಹಿಂದಿನ ಪ್ರಯಾಣ ಹೇಗಿದೆ ಎಂದು ಊಹಿಸಿ ಹೇಳಲಾರರು.

ಇಬ್ಬರು ಕೂರಬೇಕು, ಲಗೇಜೂ ಇರುತ್ತದೆ, ಹಾಗಾಗಿ ದೊಡ್ಡ ಎಂಜಿನ್ನೇ ಬೇಕು ಎಂಬ ವಾದ ಎಲ್ಲೆಡೆ ಕೇಳಿಬರುತ್ತದೆ. ಅದರಲ್ಲಿ ಅರ್ಧ ಸತ್ಯವಿದೆ. ಆದರೆ ಅಷ್ಟೆಲ್ಲ ಶಕ್ತಿಯನ್ನು ಬಳಸುವ ಅವಕಾಶವೇ ಕಡಿಮೆ. ಕೇಂದ್ರ ಸರ್ಕಾರ 2018ರಲ್ಲಿ ಗೊತ್ತುಪಡಿಸಿದ ಮಿತಿಯ ಪ್ರಕಾರ ನಾಲ್ಕು ಪಥದ ಹೆದ್ದಾರಿಯಲ್ಲೂ ಬೈಕಿನ ಗರಿಷ್ಠ ವೇಗ ಗಂಟೆಗೆ 80 ಕಿಲೋಮೀಟರ್. ಬೆಂಗಳೂರಿನ ಸವಾರರು ಹಿಡಿಯುತ್ತಿದ್ದ ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವೇ ಇಲ್ಲ. ಬೈಕಿನವರು ಸರ್ವಿಸ್ ರಸ್ತೆ ಹಿಡಿದು, ಹಂಪು, ತಿರುವು, ಅಡ್ಡ ಬರುವ ಟ್ರ್ಯಾಕ್ಟರ್‌ಗಳ ನಡುವೆ ಸಾಗಬೇಕು. ಅಲ್ಲಿ ನಲವತ್ತು ಬಿಎಚ್‌ಪಿಗಿಂತ ಹೆಚ್ಚು ಉಪಯೋಗಕ್ಕೆ ಬರುವುದು ಒಳ್ಳೆಯ ಹಿಂದಿನ ಶಾಕ್ ಅಬ್ಸಾರ್ಬರ್.

ಎಂಜಿನ್‌ನಲ್ಲಿ ನಿಜವಾಗಿ ನೋಡಬೇಕಾದದ್ದು ಶಕ್ತಿ ಎಷ್ಟು ಎಂಬುದಕ್ಕಿಂತ ಅದು ಯಾವಾಗ ಸಿಗುತ್ತದೆ ಎಂಬುದನ್ನು. ರಾಯಲ್ ಎನ್‌ಫೀಲ್ಡ್ ಮೀಟಿಯರ್ 350ರ ಶಕ್ತಿ ಸುಮಾರು 20 ಬಿಎಚ್‌ಪಿ ಮಾತ್ರ. ಆದರೆ ಅದರ 27 ನ್ಯೂಟನ್ ಮೀಟರ್ ಟಾರ್ಕ್ 4,000 ಆರ್‌ಪಿಎಂನಲ್ಲೇ ಸಿಗುತ್ತದೆ. 373 ಸಿಸಿಯ ಹಳೆಯ ಕೆಟಿಎಂ 390 ಅಡ್ವೆಂಚರ್‌ನಲ್ಲಿ ಟಾರ್ಕ್ 37 ನ್ಯೂಟನ್ ಮೀಟರ್, ಅದು ಪೂರ್ತಿ ಸಿಗಬೇಕಾದರೆ 7,000 ಆರ್‌ಪಿಎಂವರೆಗೆ ಎಳೆಯಬೇಕು. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳನ್ನು ಇಬ್ಬರು ಏರುವಾಗ ಮೊದಲನೆಯದು ನಿಧಾನವಾಗಿ, ಒಂದೇ ಸಮನೆ ಎಳೆದುಕೊಂಡು ಹೋಗುತ್ತದೆ. ಎರಡನೆಯದರಲ್ಲಿ ಗೇರ್ ಇಳಿಸಿ, ಆಕ್ಸಿಲರೇಟರ್ ತಿರುಗಿಸಿ, ಮತ್ತೆ ಬಿಟ್ಟು ಹೋಗಬೇಕು. ಹಾಗೆ ಬಿಟ್ಟು ಹಿಡಿದಾಗೆಲ್ಲ ಹಿಂದಿನವರ ಹೆಲ್ಮೆಟ್ ಮುಂದಿನವರ ಹೆಲ್ಮೆಟ್‌ಗೆ ಬಡಿಯುತ್ತದೆ. ಒಬ್ಬರೇ ಓಡಿಸುವಾಗ ಖುಷಿ ಕೊಡುವ ಎಂಜಿನ್ ಇಬ್ಬರಿದ್ದಾಗ ತಲೆನೋವು ತರುವುದು ಹೀಗೆ.

ಸೀಟಿನ ವಿಷಯಕ್ಕೆ ಬಂದರೆ, ಹಿಂದೆ ಕೂರುವವರು ಬಾಯಿಬಿಟ್ಟು ಹೇಳಿದಾಗ ಕಂಪನಿಗಳು ಬದಲಾಗಿವೆ. ಹೋಂಡಾ ಗೋಲ್ಡ್ ವಿಂಗ್ 1975ರಿಂದ ಇರುವ ಬೈಕು. ಇಂದಿನದು 1,833 ಸಿಸಿಯ ಆರು ಸಿಲಿಂಡರ್ ಎಂಜಿನ್‌ನದ್ದು. ಜೋಡಿ ಪ್ರಯಾಣಕ್ಕೆ ಜಗತ್ತಿನಾದ್ಯಂತ ಅದರದ್ದೇ ಹೆಸರು. 2018ರಲ್ಲಿ ಹೋಂಡಾ ಅದನ್ನು ಹಗುರವಾಗಿ, ಚಿಕ್ಕದಾಗಿ ಮರುವಿನ್ಯಾಸ ಮಾಡಿತು. ಓಡಿಸುವವರು ಮೆಚ್ಚಿದರು. ಆದರೆ ಹಿಂದಿನ ಬ್ಯಾಕ್‌ರೆಸ್ಟ್ ನೆಟ್ಟಗಾಯಿತು, ಇಬ್ಬರ ಸಾಮಾನು ಹಿಡಿಸುವುದಿಲ್ಲ ಎಂಬ ದೂರುಗಳು ಬಂದವು. 2021ರ ಮಾದರಿಯಲ್ಲಿ ಹೋಂಡಾ ಬ್ಯಾಕ್‌ರೆಸ್ಟ್‌ನ ಬಾಗನ್ನು 17 ಡಿಗ್ರಿಯಿಂದ 24.5 ಡಿಗ್ರಿಗೆ ಏರಿಸಿತು, ಹಿಂದಿನ ಪೆಟ್ಟಿಗೆಯನ್ನು 50 ಲೀಟರ್‌ನಿಂದ 61 ಲೀಟರ್‌ಗೆ ಹಿಗ್ಗಿಸಿತು. ಬರೀ ಏಳೂವರೆ ಡಿಗ್ರಿ ಬೆನ್ನು ಒರಗಿಸಲು ಅಂಥ ಕಂಪನಿ ಮತ್ತೆ ಕೆಲಸಕ್ಕೆ ಕೂತಿತು ಎಂದರೆ ಹಿಂದಿನ ಸೀಟಿನ ದನಿಗೆ ಎಷ್ಟು ತೂಕವಿದೆ ಎಂದು ತಿಳಿಯುತ್ತದೆ.

ಭಾರತದಲ್ಲೂ ಇದಕ್ಕೆ ಉದಾಹರಣೆ ಇದೆ, ಅದೂ ಟೂರಿಂಗ್ ಬೈಕೇ ಅಲ್ಲದ ಒಂದರಲ್ಲಿ. ಯಮಹಾ ಆರ್15 2008ರಲ್ಲಿ ಬಂದಾಗ ಒಂದೇ ಉದ್ದನೆಯ ಸೀಟು ಹೊಂದಿತ್ತು. 2011ರ ಎರಡನೇ ಆವೃತ್ತಿಯಲ್ಲಿ ಅದು ಎರಡು ತುಂಡಾಗಿ, ಹಿಂದಿನ ತುಂಡು ಎತ್ತರಕ್ಕೆ ಹೋಗಿ ಕೂತಿತು. ನೋಡಲು ಚೆಂದ, ಕೂರಲು ಕಷ್ಟ. 2015ರಲ್ಲಿ ಯಮಹಾ ಒಂದೇ ಸೀಟಿನ ಆರ್15 ಎಸ್ ಎಂಬ ಬೇರೊಂದು ಮಾದರಿಯನ್ನೇ ತಂದಿತು. ಬಜಾಜ್ 2021ರಲ್ಲಿ ಡೊಮಿನಾರ್ 400ಕ್ಕೆ ಎತ್ತರದ ವಿಂಡ್‌ಸ್ಕ್ರೀನ್, ಲಗೇಜ್ ಕ್ಯಾರಿಯರ್ ಜೊತೆಗೆ ಹಿಂಬದಿ ಸವಾರರ ಬ್ಯಾಕ್‌ರೆಸ್ಟನ್ನೂ ಕಾರ್ಖಾನೆಯಲ್ಲೇ ಜೋಡಿಸಿ ಕೊಡಲು ಶುರುಮಾಡಿತು. ಕೇಳಿದರೆ ಸಿಗುತ್ತದೆ. ಕೇಳಬೇಕಾದವರನ್ನು ಶೋರೂಮಿಗೆ ಕರೆದೊಯ್ದು ಬಾಯಿ ಮುಚ್ಚಿಸಿ ಕೂರಿಸಿದರೆ ಹೇಗೆ ಸಿಗಬೇಕು?

ಸೀಟನ್ನು ಬೆರಳಲ್ಲಿ ಒತ್ತಿ ನೋಡಿ ತೀರ್ಮಾನಿಸಬಾರದು. ಮೆತ್ತಗಿನ ಫೋಮ್ ಶೋರೂಮಿನಲ್ಲಿ ಹಾಯೆನಿಸುತ್ತದೆ, ಎರಡು ಗಂಟೆಯಲ್ಲಿ ಕುಸಿದು ಮೂಳೆಗೆ ಕೆಳಗಿನ ಗಟ್ಟಿ ತಳ ತಾಗುತ್ತದೆ. ಅಗಲವಾಗಿ, ಸ್ವಲ್ಪ ಗಟ್ಟಿಯಾಗಿ, ಮುಂದಕ್ಕೆ ಜಾರದಂತೆ ಮಟ್ಟಸವಾಗಿರುವ ಸೀಟೇ ದೂರಕ್ಕೆ ಒಳ್ಳೆಯದು. ಉಳಿದೆಲ್ಲ ಹೊಂದುವ ಬೈಕಿಗೆ ಸೀಟೊಂದೇ ಕೊರತೆಯಾದರೆ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಸೀಟು ಹೊಲಿಯುವವರಿಂದ ಫೋಮ್ ಬದಲಿಸಿಕೊಳ್ಳಬಹುದು. ಫುಟ್‌ರೆಸ್ಟ್ ಹಾಗಲ್ಲ, ಅದರ ಜಾಗ ಬದಲಿಸುವುದು ಕಷ್ಟ. ಸೀಟಿಗೂ ಫುಟ್‌ರೆಸ್ಟ್‌ಗೂ ನಡುವಿನ ಅಂತರ ಕಡಿಮೆಯಾದರೆ ಮಂಡಿ ಮಡಚಿಕೊಂಡೇ ಇರುತ್ತದೆ. ವಯಸ್ಸಾದ ಅಪ್ಪನನ್ನೋ ಮಂಡಿನೋವಿರುವ ಅಮ್ಮನನ್ನೋ ಧರ್ಮಸ್ಥಳಕ್ಕೆ ಕರೆದೊಯ್ಯುವ ಯೋಚನೆ ಇದ್ದವರು ಮೊದಲು ನೋಡಬೇಕಾದದ್ದು ಇದನ್ನೇ. ಸೈಲೆನ್ಸರ್‌ನ ಬಿಸಿ ಕಾಲಿಗೆ ತಾಗುತ್ತದೆಯೇ, ಸ್ಯಾಡಲ್ ಬ್ಯಾಗ್ ಕಟ್ಟಿದ ಮೇಲೂ ಪಾದಕ್ಕೆ ಜಾಗ ಉಳಿಯುತ್ತದೆಯೇ ಎಂಬುದನ್ನೂ ಅಲ್ಲೇ ನೋಡಿಕೊಳ್ಳಬೇಕು.

ಎತ್ತರದ ಪ್ರಶ್ನೆ ಇನ್ನೂ ಜಟಿಲ. ಹಿಂದಿನವರು ಹತ್ತುವಾಗ ಅವರ ಪೂರ್ತಿ ಭಾರ ಎಡಗಡೆಯ ಫುಟ್‌ರೆಸ್ಟ್ ಮೇಲೆ ಬೀಳುತ್ತದೆ. ಆ ಕ್ಷಣ ಬೈಕನ್ನು ನೆಟ್ಟಗೆ ಹಿಡಿಯಲು ಓಡಿಸುವವರ ಎರಡೂ ಪಾದ ನೆಲಕ್ಕೆ ಚೆನ್ನಾಗಿ ಊರಬೇಕು. ಆ ದೃಷ್ಟಿಯಿಂದ 740 ಮಿಲಿಮೀಟರ್ ಸೀಟಿನ ಎತ್ತರವಿರುವ ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯರ್ 650 ಎಷ್ಟೋ ಸಲೀಸು. ಅದರ ಎರಡು ಸಿಲಿಂಡರ್ ಎಂಜಿನ್ ನಯವಾಗಿದೆ, ಹಿಂದಿನವರ ಪಾದ ಜುಮುಗುಟ್ಟುವುದಿಲ್ಲ. ಆದರೆ ಕೆಳಗೆ ಕೂರಿಸಿದ್ದಕ್ಕೆ ಅದು ಬೆಲೆ ತೆತ್ತಿದೆ: ಹಿಂದಿನ ಸಸ್ಪೆನ್ಷನ್ನಿನ ಟ್ರಾವೆಲ್, ಅಂದರೆ ಚಕ್ರ ಮೇಲೆ ಕೆಳಗೆ ಆಡಬಲ್ಲ ದೂರ, 101 ಮಿಲಿಮೀಟರ್ ಅಷ್ಟೇ. ಅದೇ ಕಂಪನಿಯ ಹಿಮಾಲಯನ್ 450ರಲ್ಲಿ ಅದು 200 ಮಿಲಿಮೀಟರ್, ಹೆಚ್ಚುಕಡಿಮೆ ದುಪ್ಪಟ್ಟು. ಅಲ್ಲಿ ಸೀಟಿನ ಎತ್ತರ 825 ಮಿಲಿಮೀಟರ್. ಒಂದು ಹತ್ತಲು ಸುಲಭ, ಇನ್ನೊಂದು ಕೂತಿರಲು ಸುಲಭ. ನುಣುಪು ಹೆದ್ದಾರಿಯಲ್ಲೇ ಹೋಗಿ ಬರುವವರಿಗೆ ಮೊದಲನೆಯದು ಹೊಂದುತ್ತದೆ. ಮಳೆಗಾಲ ಕಳೆದ ಮೇಲೆ ಮಲೆನಾಡಿನ ಒಳರಸ್ತೆ ಹಿಡಿಯುವವರಿಗೆ, ಓಡಿಸುವವರ ಕಾಲು ನೆಲಕ್ಕೆ ಎಟುಕುವುದಾದರೆ, ಎರಡನೆಯದೇ ಸರಿ. ಹತ್ತುವ ಕಷ್ಟ ಅರ್ಧ ನಿಮಿಷದ್ದು, ಬೆನ್ನಿನ ಕಷ್ಟ ದಿನವಿಡೀ ಇರುತ್ತದೆ.

ಕೊಂಡ ಮೇಲೂ ಮಾಡಬೇಕಾದ ಒಂದು ಕೆಲಸವನ್ನು ಬಹಳ ಜನ ಮಾಡುವುದಿಲ್ಲ. ಹಿಂದಿನ ಶಾಕ್ ಅಬ್ಸಾರ್ಬರ್‌ನ ಸ್ಪ್ರಿಂಗ್ ಬಿಗಿಯನ್ನು ಹೊಂದಿಸುವ ವ್ಯವಸ್ಥೆ, ಪ್ರೀಲೋಡ್, ಬಹುತೇಕ ಬೈಕುಗಳಲ್ಲಿದೆ. ಒಬ್ಬರಿಗೆ ಹೊಂದಿಸಿದ ಬಿಗಿಯಲ್ಲೇ ಇಬ್ಬರು ಕೂತರೆ ಹಿಂಭಾಗ ಕುಸಿಯುತ್ತದೆ, ಮುಂದಿನ ಚಕ್ರ ಹಗುರಾಗಿ ತಿರುವಿನಲ್ಲಿ ಹ್ಯಾಂಡಲ್ ಹಿಡಿತ ಸಡಿಲವಾಗುತ್ತದೆ, ಹೆಡ್‌ಲೈಟ್ ರಸ್ತೆ ಬಿಟ್ಟು ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೆ. ಒಂದು ಸಿ ಸ್ಪ್ಯಾನರ್‌ನಲ್ಲಿ ಐದು ನಿಮಿಷದ ಕೆಲಸ ಅದು. ಟೈರಿನ ಗಾಳಿಯೂ ಹಾಗೆಯೇ. ಇಬ್ಬರಿದ್ದಾಗ ಹಿಂದಿನ ಟೈರಿಗೆ ಎಷ್ಟು ಎಂದು ಮ್ಯಾನ್ಯುಯಲ್‌ನಲ್ಲಿ ಬೇರೆಯೇ ಬರೆದಿರುತ್ತದೆ.

ಅದೇ ಮ್ಯಾನ್ಯುಯಲ್‌ನಲ್ಲಿ ಬೈಕಿನ ಗರಿಷ್ಠ ಒಟ್ಟು ತೂಕವೂ ಇರುತ್ತದೆ. ಅದರಲ್ಲಿ ಬೈಕಿನ ಸ್ವಂತ ತೂಕ ಕಳೆದರೆ ಉಳಿದದ್ದು ಅದು ಹೊರಬಲ್ಲ ಭಾರ. 80 ಕಿಲೋದ ಒಬ್ಬರು, 65 ಕಿಲೋದ ಇನ್ನೊಬ್ಬರು, ಹೆಲ್ಮೆಟ್, ಜಾಕೆಟ್, ಎರಡು ಬ್ಯಾಗ್, ನೀರು ಎಂದು ಕೂಡಿಸುತ್ತ ಹೋದರೆ 165 ಕಿಲೋ ತಲುಪುವುದು ಬಹಳ ಸುಲಭ. ಮೇಲೆ ಟಾಪ್ ಬಾಕ್ಸ್ ತುಂಬಿಸಿದರೆ ಆ ಭಾರ ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ ಜೋತುಬೀಳುತ್ತದೆ. ಭಾರವಾದ ಸಾಮಾನು ಕೆಳಗೆ, ಅಕ್ಕಪಕ್ಕದ ಬ್ಯಾಗ್‌ಗಳಲ್ಲಿ ಇರಬೇಕು. ಟಾಪ್ ಬಾಕ್ಸ್‌ಗೆ ರೈನ್‌ಕೋಟು, ಸ್ವೆಟರು ಸಾಕು.

ಹಿಂಬದಿ ಸವಾರರನ್ನು ಕಾನೂನು ಮರೆತಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಾವಳಿಯ 123ನೇ ನಿಯಮ ಅವರಿಗೆ ಹಿಡಿಕೆ, ಫುಟ್‌ರೆಸ್ಟ್, ಹಿಂದಿನ ಚಕ್ರದ ಅರ್ಧ ಭಾಗವನ್ನಾದರೂ ಮುಚ್ಚುವ ಗಾರ್ಡ್ ಇರಲೇಬೇಕು ಎನ್ನುತ್ತದೆ. ಸೀರೆ ಗಾರ್ಡ್ ಎಂದು ಎಲ್ಲರೂ ಕರೆಯುವುದು ಅದನ್ನೇ. ಅಂದಕ್ಕೆ ಅಡ್ಡಿ ಎಂದು ಅದನ್ನು ಬಿಚ್ಚಿಸುವವರು ಸೆರಗು, ದುಪಟ್ಟಾ ಚಕ್ರಕ್ಕೆ ಸಿಕ್ಕುವ ಅಪಾಯವನ್ನು ತಮ್ಮ ಕೈಯಾರೆ ತಂದುಕೊಳ್ಳುತ್ತಾರೆ. ಒಂದೇ ಬದಿಗೆ ಕಾಲು ಹಾಕಿ ಕೂರುವುದು ಊರೊಳಗೆ ರೂಢಿಯಾಗಿರಬಹುದು, ನೂರಾರು ಕಿಲೋಮೀಟರ್ ಪ್ರಯಾಣಕ್ಕೆ ಅದು ಸಲ್ಲದು. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಗಿದ್ದು 2016ರ ಜನವರಿಯಲ್ಲಿ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಧರಿಸದೆ ಸತ್ತವರು 50,029 ಮಂದಿ. ಅವರಲ್ಲಿ 14,337 ಮಂದಿ ಹಿಂದೆ ಕೂತವರು. ಓಡಿಸುವವರಿಗೆ ಐದು ಸಾವಿರದ ಹೆಲ್ಮೆಟ್, ಹಿಂದಿನವರಿಗೆ ರಸ್ತೆ ಬದಿಯ ಐನೂರರ ಟೊಪ್ಪಿ ಎಂಬುದನ್ನು ನೋಡಿದಾಗೆಲ್ಲ ಸಂಕಟವಾಗುತ್ತದೆ.

ಹಣದ ಲೆಕ್ಕವೂ ಈಗ ಹಿಂದಿನ ಸೀಟಿನ ಪರವಾಗಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ, ಅದಕ್ಕಿಂತ ದೊಡ್ಡವಕ್ಕೆ ಶೇ 40 ಆಗಿದೆ. ಸಾಲ ಮಾಡಿ ದೊಡ್ಡ ಎಂಜಿನ್ ಕೊಳ್ಳುವ ಬದಲು 350ರ ಒಳಗಿನದನ್ನು ಕೊಂಡು, ಉಳಿದ ಹಣದಲ್ಲಿ ಇಬ್ಬರಿಗೂ ಸಮನಾದ ಹೆಲ್ಮೆಟ್, ಜಾಕೆಟ್, ಕಂಪನಿಯದೇ ಬ್ಯಾಕ್‌ರೆಸ್ಟ್, ಮಾತಾಡಿಕೊಳ್ಳಲು ಒಂದು ಇಂಟರ್‌ಕಾಮ್ ತೆಗೆದುಕೊಳ್ಳಬಹುದು. ಮುಂದಿನ ಹಂಪ್ ಬಗ್ಗೆ ಹಿಂದಿನವರಿಗೆ ಮೊದಲೇ ಹೇಳಬಹುದಾದದ್ದೇ ದೊಡ್ಡ ಅನುಕೂಲ.

ಶೋರೂಮ್‌ಗಳು ಮಾಡಬೇಕಾದ ಕೆಲಸ ಸಣ್ಣದು. ಇಬ್ಬರನ್ನೂ ಕೂರಿಸಿ, ಅರ್ಧ ಗಂಟೆಯಾದರೂ, ಹಂಪು ಗುಂಡಿಗಳಿರುವ ರಸ್ತೆಯಲ್ಲಿ ಟೆಸ್ಟ್ ರೈಡ್ ಕೊಡಬೇಕು. ಕೊಡುವುದಿಲ್ಲ ಎಂದರೆ ಕೊಳ್ಳುವವರು ಪಕ್ಕದ ಶೋರೂಮಿಗೆ ನಡೆಯಬೇಕು. ಕಂಪನಿಗಳೂ ಸರ್ಕಾರವೂ ಮಾಡಬೇಕಾದದ್ದು ಇನ್ನೊಂದಿದೆ. ಕಾರು ಕೊಳ್ಳುವವರಿಗೆ 2023ರ ಅಕ್ಟೋಬರ್‌ನಿಂದ ಭಾರತ್ ಎನ್‌ಕ್ಯಾಪ್‌ನ ಸುರಕ್ಷತಾ ಸ್ಟಾರ್‌ಗಳಿವೆ, ಒಳಗೆ ಕೂರುವ ದೊಡ್ಡವರಿಗೆ ಬೇರೆ, ಮಕ್ಕಳಿಗೆ ಬೇರೆ. ಬೈಕ್ ಕೊಳ್ಳುವವರ ಕೈಗೆ ಸಿಗುವ ಚೀಟಿಯಲ್ಲಿ ಎಂಜಿನ್‌ನ ಬೋರ್ ಮತ್ತು ಸ್ಟ್ರೋಕ್ ಕೂಡ ಇರುತ್ತದೆ, ಹಿಂದೆ ಕೂರುವವರ ಬಗ್ಗೆ ಒಂದು ಸಾಲೂ ಸಿಗುವುದು ಅಪರೂಪ. ಹಿಂದಿನ ಸೀಟಿನ ಅಗಲ, ಅಲ್ಲಿಂದ ಫುಟ್‌ರೆಸ್ಟ್‌ವರೆಗಿನ ಅಂತರ, ಹಿಂದಿನ ಸಸ್ಪೆನ್ಷನ್ನಿನ ಟ್ರಾವೆಲ್, ಬೈಕು ಹೊರಬಲ್ಲ ಒಟ್ಟು ಭಾರ: ಈ ನಾಲ್ಕು ಸಂಖ್ಯೆಗಳನ್ನು ಪ್ರತಿ ಬೈಕಿನ ಬೆಲೆ ಫಲಕದ ಪಕ್ಕದಲ್ಲೇ ಬರೆದು ತೂಗುಹಾಕುವುದನ್ನು ಸಾರಿಗೆ ಸಚಿವಾಲಯ ಕಡ್ಡಾಯ ಮಾಡಬೇಕು.