ಹೋಂಸ್ಟೇ ಮಾಡೋ ರೈತನಿಗೆ ಸಬ್ಸಿಡಿಗಿಂತ ಮೊದಲು ಕಾಗದಪತ್ರ ಬೇಕು

ಸಕಲೇಶಪುರ, ಮೂಡಿಗೆರೆ, ಕೊಡಗು ಕಡೆ ಈಗ ತೋಟದ ಗೇಟಿಗೊಂದು ಹೋಂಸ್ಟೇ ಬೋರ್ಡು ಕಾಣ್ತದೆ. ಕಾಫಿ, ಮೆಣಸಿನ ಜೊತೆ ಎರಡು ರೂಮು ಬಾಡಿಗೆಗೆ ಕೊಟ್ಟರೆ ಮನೆ ಖರ್ಚು ನಡೀತದೆ ಅನ್ನೋ ಲೆಕ್ಕ ತಪ್ಪಲ್ಲ. ಆದರೆ ಈ ಲೆಕ್ಕ ಹಾಕುವ ಹುಡುಗರು ನನ್ನನ್ನು ಕೇಳೋ ಮೊದಲ ಪ್ರಶ್ನೆ "ಅಣ್ಣಾ, ಸಬ್ಸಿಡಿ ಎಷ್ಟು ಸಿಗ್ತದೆ?" ಅಂತ. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲನೆಯದು, "ಸರ್ಕಾರದ ಪುಸ್ತಕದಲ್ಲಿ ನನ್ನ ಹೆಸರು ಇದೆಯಾ?"

ಯಾಕೆ ಅಂತ ಹೇಳ್ತೀನಿ.

ನೆರವು ಯಾರಿಗೆ ಸಿಕ್ಕಿತು?

2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿಯಿತು. 2019ರಲ್ಲಿ ಮತ್ತೆ ಮಳೆ, 2020ರಲ್ಲಿ ಲಾಕ್‌ಡೌನ್. ಮೂರು ವರ್ಷ ರೂಮುಗಳು ಹೆಚ್ಚುಕಮ್ಮಿ ಖಾಲಿ ಬಿದ್ದವು. ಕೇಂದ್ರ ಸರ್ಕಾರ ತುರ್ತು ಸಾಲ ಖಾತರಿ ಯೋಜನೆ ತಂದು, ಮುಂದೆ ಅದನ್ನು ಹೋಟೆಲ್, ಪ್ರವಾಸ, ಮನರಂಜನೆ ಉದ್ಯಮಗಳಿಗೂ ವಿಸ್ತರಿಸಿತು. 2022ರ ಬಜೆಟ್‌ನಲ್ಲಿ ಖಾತರಿಯ ಮೊತ್ತ 50,000 ಕೋಟಿ ಹೆಚ್ಚಾಯಿತು. ಆ ಹೆಚ್ಚುವರಿ ಹಣ ಪೂರ್ತಿ ಈ ವಲಯಕ್ಕೇ ಮೀಸಲು.

ಕೇಳೋಕೆ ಚೆನ್ನಾಗಿದೆ. ಆದರೆ ಯೋಜನೆ ನಡೆದ ರೀತಿ ನೋಡಿ: 2020ರ ಫೆಬ್ರವರಿ 29ಕ್ಕೆ ನಿಮ್ಮ ಉದ್ಯಮದ ಹೆಸರಿನಲ್ಲಿ ಬ್ಯಾಂಕ್ ಸಾಲ ಬಾಕಿ ಇರಬೇಕು, ಅದರ ಇಂತಿಷ್ಟು ಪಾಲು ಹೊಸ ಸಾಲ ಸಿಗ್ತದೆ. ಈ ವಲಯಕ್ಕೆ ಮೊದಲು ನಿಗದಿಯಾದ ಪಾಲು ಶೇ. 40. ಕೋಟಿ ಸಾಲ ಇದ್ದ ರೆಸಾರ್ಟಿಗೆ 40 ಲಕ್ಷ. ಹೆಂಡತಿ ಒಡವೆ ಅಡವಿಟ್ಟು ರೂಮು ಕಟ್ಟಿದ ರೈತನಿಗೆ ಸೊನ್ನೆ. ಅವನ ನಷ್ಟ ಸುಳ್ಳಲ್ಲ, ದಾಖಲೆಯಲ್ಲಿ ಇಲ್ಲ ಅಷ್ಟೇ.

ತೆರಿಗೆ ಇಳಿದದ್ದು ನಮಗೆ ಲಾಭವೇ?

2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಸ್ವಲ್ಪ ಲೆಕ್ಕ ಹಾಕೋಣ. ವರ್ಷದ ವ್ಯವಹಾರ 20 ಲಕ್ಷ ದಾಟದ ಸಣ್ಣ ಹೋಂಸ್ಟೇಗೆ ಜಿಎಸ್‌ಟಿ ನೋಂದಣಿಯೇ ಬೇಕಿಲ್ಲ. ಫೋನ್ ಮಾಡಿ ನೇರ ಬರುವ ಅತಿಥಿಗೆ ಅವನು 2,000 ರೂಪಾಯಿ ರೂಮನ್ನು 2,000ಕ್ಕೇ ಕೊಡ್ತಾನೆ. ಪೇಟೆಯ ಹೋಟೆಲಲ್ಲಿ ಅದೇ ರೂಮಿಗೆ ಮೊದಲು 2,240 ಆಗ್ತಿತ್ತು, ಈಗ 2,100. ಅಂದರೆ ನಮಗಿದ್ದ 240 ರೂಪಾಯಿಯ ಅನುಕೂಲ 100ಕ್ಕೆ ಇಳಿಯಿತು.

ಹಾಗಂತ ತೆರಿಗೆ ಇಳಿಸಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ಆನ್‌ಲೈನ್ ಬುಕಿಂಗ್ ಮೂಲಕ ಬರೋ ಅತಿಥಿಗೆ ನಮ್ಮ ರೂಮೂ ಅಗ್ಗವಾಗಿದೆ. ನೋಂದಣಿ ಬೇಕಿಲ್ಲದ ಸಣ್ಣವರ ಪರವಾಗಿ ಅಲ್ಲಿ ಜಿಎಸ್‌ಟಿ ಕಟ್ಟೋ ಹೊಣೆ ಬುಕಿಂಗ್ ಕಂಪನಿಯದು. ಅದೇ ದಿನ ಸಿಮೆಂಟಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದದ್ದು ಹೊಸದಾಗಿ ಕಟ್ಟುವವರಿಗೆ ನಿಜವಾದ ನೆರವು. ಆದರೆ ಅಗ್ಗದ ರೂಮಿನಿಂದಲೇ ಗೆಲ್ಲೋ ಕಾಲ ಮುಗೀತು. ಹೋಟೆಲಲ್ಲಿ ಸಿಗದ ಅಡುಗೆ, ತೋಟ, ಮಾತು ನಮ್ಮ ಕೈಲಿರೋ ಬಂಡವಾಳ.

ಕೃಷಿ ಆದಾಯ ಬೇರೆ, ರೂಮಿನ ಆದಾಯ ಬೇರೆ

"ರೈತನಿಗೆ ಇನ್‌ಕಮ್ ಟ್ಯಾಕ್ಸ್ ಇಲ್ಲ" ಅನ್ನೋ ಮಾತನ್ನು ಹೋಂಸ್ಟೇಗೆ ಹಚ್ಚಬೇಡಿ. ತೋಟದ ನಡುವೆ ಇದ್ದ ಮಾತ್ರಕ್ಕೆ ರೂಮಿನ ಬಾಡಿಗೆ ಕೃಷಿ ಆದಾಯ ಆಗೋದಿಲ್ಲ, ಅದು ವ್ಯಾಪಾರದ ಆದಾಯ. ಅದು ತೆರಿಗೆ ಮಿತಿ ದಾಟಿದರೆ ದರ ಲೆಕ್ಕ ಹಾಕುವಾಗ ಕೃಷಿ ಆದಾಯವನ್ನೂ ಸೇರಿಸಿ ನೋಡ್ತಾರೆ. ಸಣ್ಣ ಹೋಂಸ್ಟೇಗೆ ತೆರಿಗೆ ಬೀಳೋದು ಕಡಿಮೆ, ಆದರೂ ರಿಟರ್ನ್ ಸಲ್ಲಿಸಿ. ನಾಳೆ ಬ್ಯಾಂಕಿನವರು ಕೇಳೋದು ಅದನ್ನೇ.

ಸಾಲದ ವಿಷಯದಲ್ಲೂ ಒಂದು ಮಾತು. ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆ ಸಾಲ ಅಗ್ಗ ಅಂತ ಅದನ್ನು ತೆಗೆದು ಗೋಡೆ ಕಟ್ಟಬೇಡಿ. ಅದು ಬೆಳೆಗೆ ಕೊಟ್ಟ ದುಡ್ಡು, ಫಸಲಿಗೆ ವಾಪಸ್ ಹೋಗಬೇಕು. ರೂಮಿನ ದುಡ್ಡು ಬರೋದು ವರ್ಷಗಟ್ಟಲೆ. 2025ರ ಕೇಂದ್ರ ಬಜೆಟ್‌ನಲ್ಲಿ ಹೋಂಸ್ಟೇಗಳಿಗೆ ಮುದ್ರಾ ಸಾಲ ಕೊಡೋದಾಗಿ ಘೋಷಿಸಿದ್ದಾರೆ. ಅಡಮಾನ ಬೇಡ. 50,000ವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ್, 10 ಲಕ್ಷದವರೆಗೆ ತರುಣ್. ತರುಣ್ ಸಾಲ ತೀರಿಸಿದವರಿಗೆ 20 ಲಕ್ಷದವರೆಗೂ ಅವಕಾಶ ಇದೆ.

ಸರ್ಕಾರ ಬದಲಿಸಬೇಕಾದದ್ದು

ದೊಡ್ಡ ತೊಡಕು ಜಮೀನಿನದು. ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಕೃಷಿ ಜಮೀನಿನಲ್ಲಿ ರೈತ ಸ್ವಂತಕ್ಕೆ ತೋಟದ ಮನೆ ಕಟ್ಟಿಕೊಳ್ಳಬಹುದು, ಹಿಡುವಳಿಯ ಶೇ. 10 ಮೀರಬಾರದು. ಅದನ್ನು ವಾಣಿಜ್ಯಕ್ಕೆ ಬಾಡಿಗೆ ಕೊಡುವಂತಿಲ್ಲ. ಹೀಗಾಗಿ ಎರಡು ರೂಮಿನವನೂ ಐವತ್ತು ರೂಮಿನ ರೆಸಾರ್ಟಿನ ಹಾಗೆ ಭೂಪರಿವರ್ತನೆಯ ದಾರಿ ಹಿಡಿಯಬೇಕಾಗ್ತದೆ. ಅಲೆದಾಟಕ್ಕೆ ಹೆದರಿ ಎಷ್ಟೋ ಜನ ನೋಂದಣಿಯನ್ನೇ ಬಿಡ್ತಾರೆ. ನೋಂದಣಿ ಇಲ್ಲ, ಅದಕ್ಕೆ ನೆರವೂ ಇಲ್ಲ.

ಇಟಲಿ 1985ರಲ್ಲೇ ಇದಕ್ಕೊಂದು ಕಾನೂನು ಮಾಡಿತು: ಬೇಸಾಯವೇ ಮುಖ್ಯವಾಗಿದ್ದರೆ ಅತಿಥಿ ಸತ್ಕಾರ ಬೇಸಾಯದ ಭಾಗ. ಮಹಾರಾಷ್ಟ್ರ 2020ರಲ್ಲಿ ಕೃಷಿ ಪ್ರವಾಸಕ್ಕೆಂದೇ ಪ್ರತ್ಯೇಕ ನೀತಿ ತಂದಿತು. ನಮ್ಮಲ್ಲೂ ಸ್ವಂತ ದುಡಿಮೆಯ ತೋಟ ಇದ್ದು, ಮನೆಯವರೇ ಅಲ್ಲಿ ವಾಸ ಇದ್ದು, ನಾಲ್ಕೈದು ರೂಮು ಮೀರದವರಿಗೆ ಪ್ರತ್ಯೇಕ ಸರಳ ನಿಯಮ ಬರಲಿ. ಮಿತಿ ಇಲ್ಲದ ಸಡಿಲಿಕೆ ಬೇಡ. ಹಾಗೆ ಬಿಟ್ಟರೆ ರೈತನ ಹೆಸರಲ್ಲಿ ಪೇಟೆಯ ದುಡ್ಡು ಬಂದು ಗುಡ್ಡ ಕೊರೀತದೆ. ಗುಡ್ಡ ಕುಸಿದಾಗ ಕೆಳಗೆ ಇರೋರು ನಾವೇ.

ಈ ವಾರ ಏನು ಮಾಡಬಹುದು

- ಉದ್ಯಮ್ ನೋಂದಣಿ ಮಾಡಿ. ಆಧಾರ್ ಇದ್ದರೆ ಮೊಬೈಲಲ್ಲೇ ಆಗ್ತದೆ, ಶುಲ್ಕ ಇಲ್ಲ. ದುಡ್ಡು ಕೇಳಿದ ವೆಬ್‌ಸೈಟ್ ಅಸಲಿ ಅಲ್ಲ.
- ರೂಮಿನ ವ್ಯವಹಾರಕ್ಕೆ ಬೇರೆಯೇ ಬ್ಯಾಂಕ್ ಖಾತೆ ಇಡಿ.
- ಕಟ್ಟೋ ಮೊದಲು ಪಹಣಿ ಹಿಡಿದು ತಾಲ್ಲೂಕು ಕಚೇರಿಯಲ್ಲಿ ಪರಿವರ್ತನೆ ಬಗ್ಗೆ ವಿಚಾರಿಸಿ.
- ಪ್ರವಾಸೋದ್ಯಮ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಹೋಂಸ್ಟೇ ನೋಂದಣಿಗೆ ಏನೇನು ಬೇಕು ಅಂತ ಪಟ್ಟಿ ತಗೊಳ್ಳಿ. ಊಟ ಕೊಡೋದಾದರೆ ಎಫ್‌ಎಸ್‌ಎಸ್‌ಎಐ ನೋಂದಣಿಯೂ ಬೇಕು.

ಸಬ್ಸಿಡಿ ಬಂದರೆ ಬರಲಿ, ಬೇಡ ಅನ್ನೋರು ಯಾರು? ಆದರೆ ಸಬ್ಸಿಡಿ ಇಲ್ಲದಿದ್ದರೆ ನಡೆಯದ ಹೋಂಸ್ಟೇ, ಸಬ್ಸಿಡಿ ಬಂದರೂ ಹೆಚ್ಚು ದಿನ ನಡೆಯೋದಿಲ್ಲ. ಮೊದಲು ಇರೋ ಮನೆಯ ಒಂದು ರೂಮು, ಸರಿಯಾದ ಕಾಗದಪತ್ರ. ಹೊಸ ಗೋಡೆ ಆಮೇಲೆ.